ಸತ್ತ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇತ್ತಾ?

ನವೆಂಬರ್ ತಿಂಗಳ ಬೆಳಿಗ್ಗೆ. ರಾತ್ರಿಯಿಡೀ ಹೊಯ್ದ ಮಳೆ ಈಗಷ್ಟೇ ಹನಿಗೆ ಇಳಿದಿದೆ. ಅಮೆರಿಕದ ಸಿಯಾಟಲ್ ನಗರದ ಪಶ್ಚಿಮ ಭಾಗದಲ್ಲಿ ಹರಿಯುವ ಲಾಂಗ್‌ಫೆಲೋ ಹಳ್ಳದ ದಡದಲ್ಲಿ ನಾವು ಮೂವರು ನಿಂತಿದ್ದೇವೆ. ಎದೆಮಟ್ಟ ಬರುವ ರಬ್ಬರ್ ಪ್ಯಾಂಟು, ಕೈಯಲ್ಲೊಂದು ಊರುಗೋಲು, ಒದ್ದೆಯಾದರೂ ಹರಿಯದ ಕಾಗದದ ನೋಟ್‌ಬುಕ್ಕು, ಸೀಸದ ಕಡ್ಡಿ. ಎದುರಿಗೆ ಕಲ್ಲುಗಳ ಸಂದಿಯಲ್ಲಿ ಒಂದು ಕೋಹೋ ಸಾಲ್ಮನ್ ಸತ್ತು ಬಿದ್ದಿದೆ. ಒಂದೂವರೆ ಮೊಳ ಉದ್ದ. ಹೆಣ್ಣು.

ನಮ್ಮ ತಂಡದ ಹಿರಿಯಾಕೆ ಮೊದಲು ನೋಡಿದ್ದು ಅದರ ಬಾಲವನ್ನು. ಬಾಲದ ಅಂಚು ಒಂದಿಷ್ಟೂ ಸವೆದಿರಲಿಲ್ಲ. "ಇದು ಅಗೆದಿಲ್ಲ" ಎಂದರು. ಆಮೇಲೆ ಚಾಕು ತೆಗೆದು ಹೊಟ್ಟೆ ಸೀಳಿದರು. ಒಳಗೆ ಮೊಟ್ಟೆಯೋ ಮೊಟ್ಟೆ. ಲಾಡು ಕಟ್ಟುವ ಮುಂಚೆ ತಟ್ಟೆಯಲ್ಲಿ ಹರಡಿದ ಬೂಂದಿ ಇರುತ್ತದಲ್ಲ, ಹೆಚ್ಚುಕಡಿಮೆ ಅದೇ ಗಾತ್ರ, ಅದೇ ಕಿತ್ತಳೆ ಬಣ್ಣ. ಒಂದೂ ಹೊರಗೆ ಬಿದ್ದಿಲ್ಲ. ಸಮುದ್ರದಿಂದ ಇಲ್ಲಿಯವರೆಗೆ ಈಜಿ ಬಂದು, ಬಂದ ಕೆಲಸ ಆಗುವ ಮೊದಲೇ ಅದು ಸತ್ತುಹೋಗಿದೆ.

ನಾನು ನೋಟ್‌ಬುಕ್ಕಿನಲ್ಲಿ ಬರೆದೆ: ಹೆಣ್ಣು, 64 ಸೆಂ.ಮೀ., ಮೊಟ್ಟೆ ಇಟ್ಟಿಲ್ಲ.

ಹಳ್ಳದಲ್ಲಿ ಸಾಲ್ಮನ್ ಎಣಿಸಲು ಹೋಗುತ್ತೇನೆ ಅಂದರೆ ಊರಿನ ಸ್ನೇಹಿತರು ಎರಡು ಪ್ರಶ್ನೆ ಕೇಳುತ್ತಾರೆ. ಮೀನು ಎಣಿಸುವುದರಿಂದ ಏನಾಗುತ್ತದೆ? ಸತ್ತ ಮೀನಿನ ಹೊಟ್ಟೆಯನ್ನು ಯಾಕೆ ಕೊಯ್ಯಬೇಕು? ಎರಡಕ್ಕೂ ಉತ್ತರ ಕೊಡುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎರಡನೆಯ ಪ್ರಶ್ನೆಯ ಉತ್ತರ ನಮ್ಮ ಕಾರಿನ ಟೈರಿನವರೆಗೂ ಹೋಗಿ ಮುಟ್ಟುತ್ತದೆ.

ಹತ್ತುಮೀನು ಗೊತ್ತಿದ್ದವರಿಗೆ

ಮಲೆನಾಡಿನವರಿಗೆ ಸಾಲ್ಮನ್ ಕಥೆ ಅರ್ಧ ಗೊತ್ತೇ ಇದೆ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯ ಮೀನುಗಳು ಹಳ್ಳ ಹಿಡಿದು, ಗದ್ದೆಯ ಬದು ದಾಟಿ ಮೇಲೆ ಹತ್ತುತ್ತವೆ. ಮೊಟ್ಟೆಯಿಡಲು ಹೊರಟ ಆ ಮೀನುಗಳನ್ನೇ ಹತ್ತುಮೀನು ಅನ್ನುತ್ತಾರೆ. ಸಾಲ್ಮನ್ ಕೂಡ ಹತ್ತುಮೀನೇ. ಅದು ಹೊಳೆಯಿಂದ ಗದ್ದೆಗೆ ಹತ್ತುವುದಿಲ್ಲ, ಪೆಸಿಫಿಕ್ ಸಾಗರದಿಂದ ತಾನು ಹುಟ್ಟಿದ ಹಳ್ಳಕ್ಕೆ ಹತ್ತುತ್ತದೆ.

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಪೆಸಿಫಿಕ್ ಸಾಲ್ಮನ್‌ಗಳ ಐದು ಜಾತಿ ಇವೆ: ಚಿನೂಕ್, ಕೋಹೋ, ಚಮ್, ಸಾಕೈ, ಪಿಂಕ್. ಐದೂ ಸಿಹಿನೀರಿನಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಸಿಹಿನೀರಿಗೆ ಬಂದು, ಅಲ್ಲೇ ಸಾಯುತ್ತವೆ. ಮರಳಿ ಸಮುದ್ರಕ್ಕೆ ಹೋಗುವುದು ಅಂತ ಇಲ್ಲ. ಹುಟ್ಟಿದ ಹಳ್ಳವನ್ನು ಅವು ವಾಸನೆಯಿಂದ ಗುರುತು ಹಿಡಿಯುತ್ತವೆ. ಪ್ರತಿ ಹಳ್ಳದ ಮಣ್ಣು, ಎಲೆ, ಕಲ್ಲು ಸೇರಿ ನೀರಿಗೆ ಬೇರೆಬೇರೆ ವಾಸನೆ ಇರುತ್ತದೆ. ಮರಿ ಮೀನು ಸಮುದ್ರಕ್ಕೆ ಹೊರಡುವ ಮೊದಲು ಅದನ್ನು ನೆನಪಿಟ್ಟುಕೊಳ್ಳುತ್ತದೆ. ವಿಸ್ಕಾನ್ಸಿನ್ನಿನ ಆರ್ಥರ್ ಹ್ಯಾಸ್ಲರ್ ಎಂಬ ವಿಜ್ಞಾನಿ ಮತ್ತು ಅವರ ಶಿಷ್ಯರು ಇದನ್ನು ಪ್ರಯೋಗ ಮಾಡಿ ತೋರಿಸಿದರು. ಮರಿಗಳಿದ್ದ ನೀರಿಗೆ ಒಂದು ರಾಸಾಯನಿಕದ ವಾಸನೆ ಕೊಟ್ಟರು. ಸುಮಾರು ಒಂದೂವರೆ ವರ್ಷದ ನಂತರ ಅದೇ ವಾಸನೆ ಬೆರೆಸಿದ ಹೊಳೆಗೆ ಆ ಮೀನುಗಳು ಬಂದವು.

ನಮ್ಮ ಹಳ್ಳಕ್ಕೆ ಹೆಚ್ಚಾಗಿ ಬರುವುದು ಕೋಹೋ. ಅದರ ಬದುಕು ಸುಮಾರು ಮೂರು ವರ್ಷದ್ದು. ಶರತ್ಕಾಲದಲ್ಲಿ ಇಟ್ಟ ಮೊಟ್ಟೆ ಚಳಿಗಾಲವಿಡೀ ಕಲ್ಲಿನಡಿ ಇದ್ದು, ವಸಂತದ ಹೊತ್ತಿಗೆ ಮರಿ ಮೇಲೆ ಬರುತ್ತದೆ. ಮರಿ ಒಂದು ವರ್ಷ ಹಳ್ಳದಲ್ಲೇ ಇರುತ್ತದೆ. ಆಮೇಲೆ ಸಮುದ್ರ. ಅಲ್ಲಿ ಸುಮಾರು ಒಂದೂವರೆ ವರ್ಷ ತಿಂದು ಬೆಳೆದು ವಾಪಸ್. ಅಂದರೆ 2021ರಲ್ಲಿ ಇಟ್ಟ ಮೊಟ್ಟೆಯ ಮೀನು 2024ರಲ್ಲಿ ಬರುತ್ತದೆ, 2022ರದ್ದು 2025ರಲ್ಲಿ. ಎರಡನೇ ವರ್ಷಕ್ಕೇ ಮರಳುವ ಕೆಲವು ಸಣ್ಣ ಗಂಡುಗಳನ್ನು ಬಿಟ್ಟರೆ, ಒಂದೇ ಹಳ್ಳದಲ್ಲಿ ಮೂರು ಬೇರೆಬೇರೆ ಸಂಸಾರ ಸರದಿಯ ಮೇಲೆ ಬಂದುಹೋಗುತ್ತವೆ. ಈ ವರ್ಷದ ಲೆಕ್ಕವನ್ನು ಹೋದ ವರ್ಷದ ಜೊತೆ ಹೋಲಿಸಿದರೆ ಅದು ಮಾವಿನ ಬೆಳೆಗೂ ಹಲಸಿನ ಬೆಳೆಗೂ ಹೋಲಿಸಿದ ಹಾಗೆ. ಮೂರು ವರ್ಷ ಹಿಂದಿನದರ ಜೊತೆ ಹೋಲಿಸಬೇಕು. ಆ ಮೂರು ವರ್ಷ ಹಿಂದಿನ ಲೆಕ್ಕ ಯಾರಾದರೂ ಬರೆದಿಟ್ಟಿರಬೇಕು, ಅಲ್ವಾ? ಸ್ವಯಂಸೇವಕರು ಬೇಕಾಗುವುದು ಅಲ್ಲಿಯೇ. ಸರ್ಕಾರದ ಮೀನುಗಾರಿಕೆ ಇಲಾಖೆಯವರು ದೊಡ್ಡ ನದಿಗಳನ್ನು ನೋಡಿಕೊಳ್ಳುತ್ತಾರೆ. ಊರೊಳಗಿನ ಪ್ರತಿ ಹಳ್ಳಕ್ಕೂ ವಾರವಾರ ಒಬ್ಬ ಸಂಬಳದ ಮನುಷ್ಯನನ್ನು ಕಳಿಸಲು ಆಗುವುದಿಲ್ಲ.

ಎಣಿಸುವುದು ಹೇಗೆ

ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ 1996ರಲ್ಲಿ ಒಂದು ಸರಳ ವ್ಯವಸ್ಥೆ ಶುರುವಾಯಿತು. ತರಬೇತಿ ಪಡೆದ ಸಾಮಾನ್ಯ ಜನ ತಮಗೆ ಕೊಟ್ಟ ಸೇತುವೆಯ ಮೇಲೋ ದಡದ ಮೇಲೋ ನಿಂತು, ವಾರಕ್ಕೆ ಒಂದೆರಡು ಸಲ ಸ್ವಲ್ಪ ಹೊತ್ತು ನೀರು ನೋಡಿ, ಕಂಡ ಮೀನನ್ನು ಬರೆಯುವುದು. ಅಷ್ಟೇ. ಸುಮಾರು ಎರಡು ದಶಕ ಅದು ನಡೆಯಿತು. ಯಾವ ಹಳ್ಳಕ್ಕೆ ಯಾವ ಜಾತಿಯ ಮೀನು ಎಲ್ಲಿಯವರೆಗೆ ಹತ್ತುತ್ತದೆ ಅನ್ನುವ ನಕ್ಷೆಗೆ ಇಂಥ ಕಣ್ಣುಗಳೇ ಆಧಾರವಾದವು. ಮೇಲೆ ಮೀನು ಕಾಣಿಸಲಿಲ್ಲ, ಕೆಳಗೆ ಕಾಣಿಸಿತು ಅಂದರೆ ನಡುವೆ ಏನೋ ಅಡ್ಡ ಇದೆ ಎಂದು ಅರ್ಥ. ಹೆಚ್ಚಿನ ಸಲ ಅದು ರಸ್ತೆಯ ಕೆಳಗಿನ ಮೋರಿ.

ನಾವು ಮಾಡುವುದು ಇನ್ನೊಂದು ಬಗೆ. ಹಳ್ಳದ ಗೊತ್ತುಮಾಡಿದ ಒಂದು ಭಾಗವನ್ನು ವಾರಕ್ಕೊಮ್ಮೆ ಪೂರ್ತಿ ನಡೆಯುವುದು. ಲಾಂಗ್‌ಫೆಲೋ ಹಳ್ಳದಲ್ಲಿ ಪ್ಯೂಜೆಟ್ ಸೌಂಡ್‌ಕೀಪರ್ ಎಂಬ ಸಂಸ್ಥೆ ಸ್ವಯಂಸೇವಕರನ್ನು ಕಟ್ಟಿಕೊಂಡು ಇದನ್ನು ನಡೆಸುತ್ತದೆ. ಸಿಯಾಟಲಿನ ದಕ್ಷಿಣಕ್ಕೆ ಮಿಲ್ಲರ್ ಹಾಗೂ ವಾಕರ್ ಹಳ್ಳಗಳಲ್ಲೂ ಅಲ್ಲಿನ ನಿವಾಸಿಗಳು ಇದೇ ಕೆಲಸ ಮಾಡುತ್ತಾ ಬಂದಿದ್ದಾರೆ.

ನಡೆಯುವುದಕ್ಕೆ ಒಂದು ಕ್ರಮ ಇದೆ. ಕೆಳಗಿನಿಂದ ಮೇಲಕ್ಕೆ, ಹರಿವಿಗೆ ಎದುರಾಗಿ ನಡೆಯಬೇಕು. ಮೀನುಗಳು ಯಾವಾಗಲೂ ಹರಿವಿಗೆ ಮುಖ ಮಾಡಿ ನಿಲ್ಲುತ್ತವೆ. ಹಿಂದಿನಿಂದ ಬಂದರೆ ಅವುಗಳಿಗೆ ನಾವು ಬೇಗ ಕಾಣುವುದಿಲ್ಲ. ನಾವು ಎಬ್ಬಿಸಿದ ಕೆಸರೂ ಹಿಂದಕ್ಕೆ ಹೋಗುತ್ತದೆ, ಮುಂದಿನ ನೀರು ತಿಳಿಯಾಗಿಯೇ ಇರುತ್ತದೆ. ಕಣ್ಣಿಗೆ ಪೋಲರಾಯ್ಡ್ ಕನ್ನಡಕ ಬೇಕೇ ಬೇಕು. ಅದಿಲ್ಲದಿದ್ದರೆ ನೀರಿನ ಮೇಲೆ ಆಕಾಶದ ಬಿಳುಪು ಮಾತ್ರ ಕಾಣುತ್ತದೆ. ಹಾಕಿಕೊಂಡ ತಕ್ಷಣ ಪರದೆ ಸರಿದ ಹಾಗೆ ತಳ ಕಾಣುತ್ತದೆ. ಮೊದಲ ದಿನ ನಾನು ಬರೀ ಕಲ್ಲು ಅಂದುಕೊಂಡಿದ್ದ ಜಾಗದಲ್ಲಿ ಎರಡು ಮೀನು ನಿಂತಿದ್ದವು.

ಎಲ್ಲಕ್ಕಿಂತ ಮುಖ್ಯವಾದದ್ದು ಎಲ್ಲಿ ಕಾಲಿಡಬೇಕು ಅನ್ನುವುದು. ಹೆಣ್ಣು ಸಾಲ್ಮನ್ ಪಕ್ಕಕ್ಕೆ ವಾಲಿ, ಬಾಲದಿಂದ ಪಟಪಟ ಬಡಿದು, ತಳದ ಉರುಟು ಕಲ್ಲುಗಳನ್ನು ಎಬ್ಬಿಸಿ ಗುಂಡಿ ಮಾಡುತ್ತದೆ. ಅದರಲ್ಲಿ ಮೊಟ್ಟೆ ಬಿಡುತ್ತದೆ, ಪಕ್ಕದ ಗಂಡು ಅದೇ ಕ್ಷಣ ಹಾಲಿನಂಥ ವೀರ್ಯ ಬಿಡುತ್ತದೆ. ಆಮೇಲೆ ಹೆಣ್ಣು ಸ್ವಲ್ಪ ಮೇಲಕ್ಕೆ ಸರಿದು ಮತ್ತೆ ಅಗೆಯುತ್ತದೆ. ಹಾಗೆ ಎದ್ದ ಕಲ್ಲು ತೇಲಿ ಬಂದು ಹಿಂದಿನ ಗುಂಡಿಯನ್ನು ಮುಚ್ಚುತ್ತದೆ. ಹೀಗೆ ಹಲವು ಗುಂಡಿ ಸೇರಿ ಒಂದು ಗೂಡು. ಕೋಹೋ ಹೆಣ್ಣು ಇಡುವ ಮೊಟ್ಟೆ ಸುಮಾರು ಎರಡೂವರೆ ಮೂರು ಸಾವಿರ. ಪಾಚಿ ಹಿಡಿದು ಕಪ್ಪಾದ ತಳದಲ್ಲಿ, ಹೊಸದಾಗಿ ತಿರುವಿದ ಕಲ್ಲು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿರುತ್ತದೆ. ಅದೇ ಗೂಡಿನ ಗುರುತು. ಅದರ ಮೇಲೆ ಒಂದು ಹೆಜ್ಜೆ ಬಿದ್ದರೂ ಒಳಗಿನ ಮೊಟ್ಟೆ ಹಿಸುಕಿಹೋಗುತ್ತದೆ. ಹಾಗಾಗಿ ಅಂಚಿನಲ್ಲೇ ನಡೆಯುತ್ತೇವೆ, ಗೂಡು ಕಂಡರೆ ಪಕ್ಕದ ಕೊಂಬೆಗೆ ಬಣ್ಣದ ಪಟ್ಟಿ ಕಟ್ಟಿ ದಿನಾಂಕ ಬರೆಯುತ್ತೇವೆ. ಮುಂದಿನ ವಾರ ಬಂದವರು ಅದನ್ನೇ ಹೊಸದು ಅಂತ ಎಣಿಸಬಾರದಲ್ಲ.

ಜೀವಂತ ಮೀನನ್ನು ಮುಟ್ಟುವಂತಿಲ್ಲ. ನೋಡುವುದು, ಜಾತಿ ಗುರುತಿಸುವುದು, ಬರೆಯುವುದು. ಜಾತಿ ಗುರುತಿಸಲು ಅಭ್ಯಾಸ ಬೇಕು. ಚಮ್‌ಗೆ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಇಳಿದ ನೇರಳೆ ಕೆಂಪಿನ ಪಟ್ಟೆ. ಪಿಂಕ್‌ನ ಗಂಡಿಗೆ ಗೂನುಬೆನ್ನು, ಬಾಲದ ಮೇಲೆ ದೊಡ್ಡ ಮೊಟ್ಟೆಯಾಕಾರದ ಚುಕ್ಕೆ. ಕೋಹೋ ಮತ್ತು ಚಿನೂಕ್ ಮಾತ್ರ ಗೊಂದಲ ಮಾಡುತ್ತವೆ. ಚಿನೂಕ್‌ಗೆ ಬಾಲದ ಮೇಲು ಕೆಳಗು ಎರಡೂ ಭಾಗದಲ್ಲಿ ಚುಕ್ಕೆ, ವಸಡು ಕಪ್ಪು. ಕೋಹೋಗೆ ಬಾಲದ ಮೇಲ್ಭಾಗದಲ್ಲಿ ಮಾತ್ರ ಚುಕ್ಕೆ, ಹಲ್ಲಿನ ಬುಡದಲ್ಲಿ ವಸಡು ಬಿಳಿ. ಈ ಗೊಂದಲ ಸಣ್ಣದಲ್ಲ. ಸಿಯಾಟಲ್ ಪಕ್ಕದ ಕಡಲ ಚಾಚಾದ ಪ್ಯೂಜೆಟ್ ಸೌಂಡ್ ಪ್ರದೇಶದ ಚಿನೂಕ್ 1999ರಿಂದ ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ಒಂದು ಹಳ್ಳದಲ್ಲಿ ಚಿನೂಕ್ ಇದೆ ಎಂದು ಬರೆದರೆ ಅದಕ್ಕೆ ಕಾನೂನಿನ ಅರ್ಥವೂ ಇರುತ್ತದೆ.

ಸತ್ತ ಮೀನಿನ ಕೆಲಸ ಜಾಸ್ತಿ. ಅದಕ್ಕೆ ಇಲಾಖೆಯ ಅನುಮತಿ ಪಡೆದ ತಂಡವೇ ಆಗಬೇಕು. ಉದ್ದ ಅಳೆಯುತ್ತೇವೆ. ಗಂಡೋ ಹೆಣ್ಣೋ ನೋಡುತ್ತೇವೆ. ಬೆನ್ನಿನ ಮೇಲೆ, ಬಾಲದ ಹತ್ತಿರ, ಕಿರುಬೆರಳಿನ ತುದಿಯಷ್ಟು ಒಂದು ಪುಟ್ಟ ರೆಕ್ಕೆ ಇರುತ್ತದೆ. ಅದಿಲ್ಲದಿದ್ದರೆ ಸಾಮಾನ್ಯವಾಗಿ ಅದು ಮೀನು ಸಾಕಣೆ ಕೇಂದ್ರದಲ್ಲಿ ಹುಟ್ಟಿದ್ದು. ಅಲ್ಲಿ ಮರಿಯಾಗಿದ್ದಾಗಲೇ ಗುರುತಿಗೆ ಅದನ್ನು ಕತ್ತರಿಸುತ್ತಾರೆ. ಕೆಲವಕ್ಕೆ ಮೂತಿಯೊಳಗೆ ಒಂದು ಮಿಲಿಮೀಟರಿನಷ್ಟು ಉದ್ದದ ಉಕ್ಕಿನ ತಂತಿಯನ್ನೂ ಇಟ್ಟಿರುತ್ತಾರೆ. ಅದರ ಮೇಲಿನ ಅಂಕಿ ಓದಿದರೆ ಯಾವ ಕೇಂದ್ರದ್ದು, ಯಾವ ವರ್ಷದ್ದು ಅಂತ ತಿಳಿಯುತ್ತದೆ. ಕೊನೆಗೆ ಹೊಟ್ಟೆ ಸೀಳಿ ಮೊಟ್ಟೆ ನೋಡುತ್ತೇವೆ. ಎಲ್ಲ ಮುಗಿದ ಮೇಲೆ ಬಾಲ ಕತ್ತರಿಸಿ, ಮೀನನ್ನು ಮತ್ತೆ ಹಳ್ಳಕ್ಕೇ ಹಾಕುತ್ತೇವೆ. ಬಾಲ ಇಲ್ಲದ ಮೀನು ಅಂದರೆ ಎಣಿಸಿ ಆಗಿದೆ ಅಂತ.

ಹಳ್ಳಕ್ಕೇ ಹಾಕುವುದಕ್ಕೂ ಕಾರಣ ಇದೆ. ಆ ಮೀನಿನ ಮೈಯಲ್ಲಿರುವುದು ಸಮುದ್ರದ ಸಾರ. ಅದು ಕೊಳೆತು ಹುಳುಗಳಿಗೆ, ಹುಳುಗಳಿಂದ ಮರಿಗಳಿಗೆ, ದಡದ ಮರಗಳಿಗೂ ಗೊಬ್ಬರವಾಗುತ್ತದೆ. ಸಾಲ್ಮನ್ ಬರುವ ಹೊಳೆಗಳ ಪಕ್ಕದ ಮರಗಳಲ್ಲಿ ಸಮುದ್ರದಿಂದ ಬಂದ ನೈಟ್ರೋಜನ್ ಇರುವುದನ್ನು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ.

ಸೊನ್ನೆಯ ಬೆಲೆ

ಹೊಸಬರು ಮಾಡುವ ದೊಡ್ಡ ತಪ್ಪು ಅಂದರೆ ಮೀನು ಕಾಣದ ದಿನ ಏನೂ ಬರೆಯದೆ ಬರುವುದು. ಮಳೆಯಲ್ಲಿ ಎರಡು ಗಂಟೆ ನಡೆದು ಒಂದೂ ಮೀನು ಸಿಗಲಿಲ್ಲ ಅಂದರೆ ಸುಮ್ನೆ ಹೋದೆವು ಅನ್ನಿಸುತ್ತದೆ. ಆದರೆ ಖಾಲಿ ಬಿಟ್ಟ ಹಾಳೆಗೂ ಸೊನ್ನೆ ಬರೆದ ಹಾಳೆಗೂ ತುಂಬಾ ವ್ಯತ್ಯಾಸ. ಖಾಲಿ ಹಾಳೆ ಅಂದರೆ ಯಾರೂ ನೋಡಲಿಲ್ಲ. ಸೊನ್ನೆ ಅಂದರೆ ನೋಡಿದೆವು, ಇರಲಿಲ್ಲ.

ಇದು ಯಾಕೆ ಮುಖ್ಯ ಅಂತ ಒಂದು ಲೆಕ್ಕದಿಂದ ಹೇಳುತ್ತೇನೆ. ವಾರಕ್ಕೊಮ್ಮೆ ಹೋಗಿ ಜೀವಂತ ಮೀನು ಎಣಿಸುತ್ತೇವೆ. ಆ ಅಂಕಿಗಳನ್ನೆಲ್ಲ ಕೂಡಿಸಿದರೆ ಒಟ್ಟು ಮೀನು ಸಿಗುತ್ತದಾ? ಇಲ್ಲ. ಹೋದ ವಾರ ಕಂಡ ಮೀನೇ ಈ ವಾರವೂ ಇರಬಹುದು. ನಾವು ಹೋಗದ ದಿನಗಳಲ್ಲಿ ಬಂದು ಸತ್ತವೂ ಇರಬಹುದು.

ಮದುವೆಮನೆಯ ಊಟದ ಹಾಲ್ ನೆನೆಸಿಕೊಳ್ಳಿ. ಎಷ್ಟು ಜನ ಉಂಡರು ಅಂತ ಬೇಕು, ಆದರೆ ಬಾಗಿಲಲ್ಲಿ ಯಾರೂ ಎಣಿಸಿಲ್ಲ. ನೀವು ಹತ್ತು ನಿಮಿಷಕ್ಕೊಮ್ಮೆ ಇಣುಕಿ ಕೂತವರನ್ನು ಎಣಿಸುತ್ತೀರಿ. ಒಬ್ಬರ ಊಟಕ್ಕೆ ಅರ್ಧ ಗಂಟೆ ಅಂತಿಟ್ಟುಕೊಂಡರೆ ಪ್ರತಿಯೊಬ್ಬರೂ ಮೂರು ಸಲ ನಿಮ್ಮ ಲೆಕ್ಕಕ್ಕೆ ಬಂದಿರುತ್ತಾರೆ. ಹಾಗಾಗಿ ಎಲ್ಲ ಅಂಕಿ ಕೂಡಿಸಿ ಮೂರರಿಂದ ಭಾಗಿಸಿದರೆ ಉಂಡವರ ಸಂಖ್ಯೆ ಹತ್ತಿರಹತ್ತಿರ ಸಿಗುತ್ತದೆ.

ಮೀನಿಗೂ ಇದೇ ಲೆಕ್ಕ. ಸುಲಭವಾಗಲಿ ಅಂತ ನಾನೇ ಅಂಕಿ ಹಾಕುತ್ತೇನೆ. ಐದು ವಾರದ ಎಣಿಕೆ 0, 4, 10, 6, 0. ಒಟ್ಟು 20. ವಾರಕ್ಕೆ 7 ದಿನ, ಹಾಗಾಗಿ 140 ಮೀನು-ದಿನ (ಒಂದು ಮೀನು ಹಳ್ಳದಲ್ಲಿದ್ದ ಒಂದು ದಿನಕ್ಕೆ ಒಂದು ಮೀನು-ದಿನ). ಒಂದು ಮೀನು ಹಳ್ಳದಲ್ಲಿ ಸರಾಸರಿ 10 ದಿನ ಬದುಕಿರುತ್ತದೆ ಅಂತಾದರೆ 14 ಮೀನು. ಆದರೆ ನಮ್ಮ ಕಣ್ಣಿಗೆ ಎಲ್ಲವೂ ಬೀಳುವುದಿಲ್ಲ. ಬೇರಿನಡಿ, ಆಳದ ಗುಂಡಿಯಲ್ಲಿ ನಿಂತವು ತಪ್ಪಿಹೋಗುತ್ತವೆ. ಹತ್ತರಲ್ಲಿ ಏಳು ಕಾಣುತ್ತವೆ ಅಂತಾದರೆ 14ನ್ನು 0.7ರಿಂದ ಭಾಗಿಸಬೇಕು. ಆಗ 20 ಮೀನು.

ಈಗ ಮೊದಲ ವಾರ ಮತ್ತು ಕೊನೆಯ ವಾರದ ಸೊನ್ನೆಗಳನ್ನು ನೋಡಿ. ಅವಿಲ್ಲದಿದ್ದರೆ ಮೀನು ಯಾವಾಗ ಬರಲು ಶುರುವಾಯಿತು, ಯಾವಾಗ ನಿಂತಿತು ಅನ್ನುವುದೇ ಗೊತ್ತಾಗುವುದಿಲ್ಲ. ಎರಡೂ ತುದಿ ತೆರೆದ ಲೆಕ್ಕ ಲೆಕ್ಕವಲ್ಲ. ನಮ್ಮ ತಂಡದಲ್ಲಿ ಮೀನು ಬರುವ ಮುಂಚೆಯೇ ನಡೆಯಲು ಶುರುಮಾಡಿ, ನಿಂತ ಮೇಲೂ ನಡೆಯುವುದು ಇದಕ್ಕೇ.

ಇಂಥ ಅಂಕಿಗಳು ದೊಡ್ಡ ನದಿಗಳಿಂದಲೂ ಬಂದು ಸೇರಿ, ಎಷ್ಟು ಮೀನು ಹಿಡಿಯಬಹುದು ಅನ್ನುವ ತೀರ್ಮಾನಕ್ಕೆ ದಾರಿಯಾಗುತ್ತವೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಆ ತೀರ್ಮಾನ ಸರ್ಕಾರ ಒಬ್ಬರದೇ ಅಲ್ಲ. 1850ರ ದಶಕದ ಒಪ್ಪಂದಗಳಲ್ಲಿ ಮೂಲನಿವಾಸಿ ಬುಡಕಟ್ಟುಗಳು ನೆಲ ಬಿಟ್ಟುಕೊಟ್ಟರೂ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದವು. ಆ ಹಕ್ಕನ್ನು ದಶಕಗಟ್ಟಲೆ ತುಳಿಯಲಾಯಿತು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಕೊಟ್ಟ ತೀರ್ಪು, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಆ ಬುಡಕಟ್ಟುಗಳದ್ದು ಎಂದಿತು. ಅಂದಿನಿಂದ ರಾಜ್ಯ ಮತ್ತು ಬುಡಕಟ್ಟುಗಳು ಜೊತೆಯಾಗಿ ಮೀನಿನ ನಿರ್ವಹಣೆ ಮಾಡುತ್ತವೆ.

ಬಾಲ ಸವೆಯದೆ ಸತ್ತ ಮೀನುಗಳು

ಇನ್ನು ಆ ಹೊಟ್ಟೆ ಸೀಳುವ ವಿಷಯ.

ಲಾಂಗ್‌ಫೆಲೋ ಐದಾರು ಕಿಲೋಮೀಟರಿನ ಹಳ್ಳ. ರಾಕ್ಸ್‌ಹಿಲ್ ಪಾರ್ಕಿನ ಹತ್ತಿರ ಹುಟ್ಟಿ, ಮನೆಗಳ ಹಿಂದೆ, ಗಾಲ್ಫ್ ಮೈದಾನದೊಳಗೆ ಹಾದು, ಕೊನೆಯಲ್ಲಿ ಉಕ್ಕಿನ ಕಾರ್ಖಾನೆಯ ಕಡೆ ಕೊಳವೆಯೊಳಗೆ ನುಗ್ಗಿ ಡುವಾಮಿಶ್ ನದಿ ಸೇರುತ್ತದೆ. ಮೀನು ಆ ಕತ್ತಲ ಕೊಳವೆಯನ್ನು ಹತ್ತಿಯೇ ಬರಬೇಕು. 1990ರ ದಶಕದಲ್ಲಿ ಸಿಯಾಟಲ್ ಸುತ್ತಮುತ್ತ ಇಂಥ ಹಳ್ಳಗಳನ್ನು ಸರಿಮಾಡುವ ಕೆಲಸಕ್ಕೆ ತುಂಬಾ ದುಡ್ಡು, ತುಂಬಾ ಶ್ರಮ ಹಾಕಿದರು. ಅಡ್ಡವಿದ್ದ ಮೋರಿ ತೆಗೆದರು, ಮರದ ದಿಮ್ಮಿ ಇಟ್ಟರು, ದಡದಲ್ಲಿ ಗಿಡ ನೆಟ್ಟರು. ಕೋಹೋ ವಾಪಸ್ ಬಂದವು. ಜನ ಖುಷಿಪಟ್ಟು ನೋಡಲು ಹೋದರು.

ಹೋದವರಿಗೆ ಕಂಡದ್ದು ಬೇರೆಯೇ. ಮೀನುಗಳು ದಿಕ್ಕು ತಪ್ಪಿದ ಹಾಗೆ ನೀರಿನ ಮೇಲ್ಮೈಯಲ್ಲಿ ಸುತ್ತುತ್ತಿದ್ದವು. ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ರೆಕ್ಕೆಗಳು ಸೆಟೆದು ಅಗಲವಾಗಿದ್ದವು. ಆಮೇಲೆ ಪಕ್ಕಕ್ಕೆ ವಾಲಿ, ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದವು. ಸಾಲ್ಮನ್ ಹೇಗೂ ಸಾಯುತ್ತದಲ್ಲ ಅಂತ ದೂರದಿಂದ ನೋಡಿದವರಿಗೆ ಅನ್ನಿಸಬಹುದು. ಹೊಟ್ಟೆ ಸೀಳಿ ನೋಡಿದರೆ ಮಾತ್ರ ಗೊತ್ತಾಗುವುದು, ಇದು ಆ ಸಾವಲ್ಲ ಎಂದು.

ಮೊಟ್ಟೆಯಿಟ್ಟು ಸತ್ತ ಹೆಣ್ಣಿನ ಬಾಲ ನೋಡಿದರೆ ಸಂಕಟವಾಗುತ್ತದೆ. ಕಲ್ಲಿಗೆ ಬಡಿದು ಬಡಿದು ಚರ್ಮ ಹೋಗಿ, ಅಂಚು ಬೆಳ್ಳಗೆ ಕಡ್ಡಿಕಡ್ಡಿಯಾಗಿರುತ್ತದೆ. ಹಳೇ ಪೊರಕೆಯ ಹಾಗೆ. ಹೊಟ್ಟೆ ಜೋತುಬಿದ್ದಿರುತ್ತದೆ, ಒಳಗೆ ನಾಲ್ಕೈದು ಮೊಟ್ಟೆ ಉಳಿದಿದ್ದರೆ ಹೆಚ್ಚು. ಇದು ಕೆಲಸ ಮುಗಿಸಿದ ಮೀನು. ಬಾಲ ಹೊಸದರ ಹಾಗಿದ್ದು ಹೊಟ್ಟೆ ಬಿಗಿಯಾಗಿದ್ದರೆ ಅದು ಕೆಲಸ ಮುಗಿಸಲಾಗದ ಮೀನು. ಗಂಡಿನಲ್ಲಿ ಈ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಹಾಗಾಗಿ ಹೆಣ್ಣುಗಳ ಲೆಕ್ಕವನ್ನೇ ಹಿಡಿಯುತ್ತಾರೆ. ಸಿಕ್ಕ ಹತ್ತು ಹೆಣ್ಣಿನಲ್ಲಿ ಏಳರ ಹೊಟ್ಟೆ ತುಂಬಿದ್ದರೆ ನೂರಕ್ಕೆ 70. ಸಿಕ್ಕಿದ್ದೇ ಮೂರು ಹೆಣ್ಣಾದರೆ ಶೇಕಡಾ ಲೆಕ್ಕ ಹಾಕಿ ಏನೂ ಹೇಳಬಾರದು, ಮೂರು ಎಂದೇ ಬರೆಯಬೇಕು. ನೀರುನಾಯಿಯೋ ರಕೂನೋ ಹೊಟ್ಟೆ ತಿಂದುಹಾಕಿದ್ದರೆ "ಗೊತ್ತಾಗಲಿಲ್ಲ" ಅಂತ ಬರೆಯಬೇಕು. ಊಹೆ ಮಾಡಬಾರದು.

ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾದ ವಿಜ್ಞಾನಿ ನಥಾನಿಯಲ್ ಶೋಲ್ಜ್ ಮತ್ತು ಜೊತೆಗಾರರು 2002ರಿಂದ 2009ರವರೆಗೆ ಸಿಯಾಟಲ್ ಹಳ್ಳಗಳನ್ನು ಹೀಗೆ ನೋಡಿದರು. 2011ರಲ್ಲಿ ಅದು ಪ್ರಕಟವಾಯಿತು. ಊರೊಳಗಿನ ಲಾಂಗ್‌ಫೆಲೋ ಹಳ್ಳದಲ್ಲಿ ಪ್ರತಿ ಶರತ್ಕಾಲ ಬಂದ ಹೆಣ್ಣು ಕೋಹೋಗಳಲ್ಲಿ ನೂರಕ್ಕೆ ಸುಮಾರು 60ರಿಂದ 100 ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ಊರಿನಿಂದ ದೂರದ ಹಳ್ಳದಲ್ಲಿ ನೂರಕ್ಕೆ ಒಂದೂ ಹಾಗೆ ಸಾಯುತ್ತಿರಲಿಲ್ಲ. ನೀರು ಬಿಸಿಯಾಗಿತ್ತಾ? ಇಲ್ಲ. ಆಮ್ಲಜನಕ ಕಡಿಮೆಯಾ? ಇಲ್ಲ. ರೋಗವಾ? ಕೀಟನಾಶಕವಾ? ಒಂದೊಂದನ್ನೇ ನೋಡಿ ಪಕ್ಕಕ್ಕಿಟ್ಟರು. ಉಳಿದದ್ದು ಒಂದೇ ಸುಳಿವು. ಸಾವುಗಳು ಮಳೆಯ ಬೆನ್ನಿಗೇ ಆಗುತ್ತಿದ್ದವು, ರಸ್ತೆ ಮತ್ತು ವಾಹನ ಹೆಚ್ಚಿದ್ದ ಕಡೆ ಜಾಸ್ತಿ ಆಗುತ್ತಿದ್ದವು. ಕೋಹೋ ಹಳ್ಳ ಹತ್ತುವುದೂ ಅದೇ ಮಳೆಗೆ. ಒಣಗಿದ ಬೇಸಿಗೆಯ ನಂತರದ ಮಳೆ ಹಳ್ಳ ತುಂಬಿಸಿ ಮೀನಿಗೆ ದಾರಿ ಮಾಡಿಕೊಡುತ್ತದೆ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಕೊಳೆಯನ್ನು ಚರಂಡಿಯ ಮೂಲಕ ಅದೇ ಹಳ್ಳಕ್ಕೆ ತಂದು ಸುರಿಯುವುದೂ ಅದೇ.

ಟೈರು

ಮುಂದಿನ ಕೆಲಸ ಪ್ರಯೋಗಾಲಯದ್ದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಕೊಲೋಡ್ಜಿ, ಝೆನ್ಯು ತಿಯಾನ್, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಜೆನಿಫರ್ ಮ್ಯಾಕಿಂಟೈರ್ ಮತ್ತು ಇನ್ನೂ ಹಲವರು ಸೇರಿ ರಸ್ತೆಯ ನೀರಿನಲ್ಲಿದ್ದ ರಾಸಾಯನಿಕಗಳನ್ನು ಹುಡುಕಿದರು. ಮೀನು ಸತ್ತ ನೀರಿನ ಗುರುತು ಟೈರಿನ ಚೂರು ನೆನೆಸಿದ ನೀರಿಗೆ ಹೊಂದುತ್ತಿತ್ತು. ಟೈರನ್ನು ತುರಿದು ನೆನೆಸಿದ ನೀರಿಗೆ ಕೋಹೋ ಮರಿ ಬಿಟ್ಟರೆ ಸಾಯುತ್ತಿದ್ದವು. ಆದರೆ ಆ ನೀರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ರಾಸಾಯನಿಕ ಇದ್ದವು. ಅವನ್ನು ಗುಂಪುಗುಂಪಾಗಿ ಬೇರ್ಪಡಿಸಿ, ಪ್ರತಿ ಗುಂಪನ್ನೂ ಮೀನಿನ ಮೇಲೆ ಪರೀಕ್ಷಿಸಿ, ಕೊಲ್ಲುವ ಗುಂಪನ್ನು ಮತ್ತೆ ಒಡೆದು, ಮತ್ತೆ ಪರೀಕ್ಷಿಸಿ ಕೊನೆಗೆ ಒಂದಕ್ಕೆ ಬಂದು ನಿಂತರು. ಟೈರಿಗೆ ಸೇರಿಸುವ ವಸ್ತುಗಳ ಪಟ್ಟಿಯಲ್ಲಿ ಅದು ಇರಲಿಲ್ಲ.

ಟೈರಿಗೆ 6ಪಿಪಿಡಿ ಎಂಬ ವಸ್ತು ಸೇರಿಸುತ್ತಾರೆ. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ. 6ಪಿಪಿಡಿ ತಾನೇ ಮುಂದೆ ನಿಂತು ಓಝೋನನ್ನು ತಡೆಯುತ್ತದೆ. ಹಾಗೆ ತಡೆದಾಗ ಅದು ಬೇರೆ ವಸ್ತುವಾಗಿ ಬದಲಾಗುತ್ತದೆ. ಎರಡು ಹೈಡ್ರೋಜನ್ ಕಳೆದು ಎರಡು ಆಕ್ಸಿಜನ್ ಸೇರುತ್ತದೆ. ಈ ಹೊಸ ವಸ್ತುವಿಗೆ 6ಪಿಪಿಡಿ-ಕ್ವಿನೋನ್ ಎಂದು ಹೆಸರಿಟ್ಟರು. ಕೋಹೋವನ್ನು ಕೊಲ್ಲುತ್ತಿದ್ದದ್ದು ಇದು. 2020ರ ಡಿಸೆಂಬರಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 2022ರಲ್ಲಿ ಶುದ್ಧ ಮಾದರಿ ಬಳಸಿ ಮತ್ತೆ ಅಳೆದಾಗ, ಅರ್ಧದಷ್ಟು ಕೋಹೋ ಮರಿಗಳನ್ನು ಕೊಲ್ಲಲು ಒಂದು ಲೀಟರಿಗೆ 95 ನ್ಯಾನೋಗ್ರಾಂ ಸಾಕು ಅಂತ ಗೊತ್ತಾಯಿತು. 25 ಲಕ್ಷ ಲೀಟರ್ ಹಿಡಿಯುವ ಒಲಿಂಪಿಕ್ ಈಜುಕೊಳಕ್ಕೆ ಸುಮಾರು ಹತ್ತು ಅಕ್ಕಿಕಾಳಿನ ತೂಕದಷ್ಟು ಬೆರೆಸಿದ ಹಾಗೆ.

ಎಲ್ಲ ಸಾಲ್ಮನ್‌ಗೂ ಇದು ಒಂದೇ ರೀತಿ ತಾಗುವುದಿಲ್ಲ. ಕೋಹೋ ಸಾಯುವ ರಸ್ತೆನೀರಿನಲ್ಲಿ ಚಮ್ ಬದುಕಿ ಉಳಿಯುತ್ತದೆ. ಅದಕ್ಕೇ ಜಾತಿ ಗುರುತಿಸಿ ಬರೆಯುವುದು ಮುಖ್ಯ ಅಂದದ್ದು. "ಸಾಲ್ಮನ್ 12" ಅಂತಷ್ಟೇ ಬರೆದಿದ್ದರೆ ಈ ಸುಳಿವು ಯಾರಿಗೂ ಸಿಗುತ್ತಿರಲಿಲ್ಲ.

ಇದಕ್ಕೆ ಪರಿಹಾರದ ಒಂದು ಭಾಗ ಆಶ್ಚರ್ಯಪಡುವಷ್ಟು ಸರಳ. ಜುಲಾನ್ ಸ್ಪ್ರಾಂಬರ್ಗ್ ಮತ್ತು ಜೊತೆಗಾರರು ಹೆದ್ದಾರಿಯ ಮಳೆನೀರನ್ನು ಹಿಡಿದು ಒಂದಿಷ್ಟು ಕೋಹೋಗಳನ್ನು ಅದರಲ್ಲಿ ಬಿಟ್ಟರು. ಎಲ್ಲವೂ ಸತ್ತವು. ಅದೇ ನೀರನ್ನು ಮರಳು, ಕಾಂಪೋಸ್ಟ್ ಗೊಬ್ಬರ, ಮರದ ತೊಗಟೆ ತುಂಬಿದ ಪದರಗಳ ಮೂಲಕ ಸೋಸಿ ಬಿಟ್ಟಾಗ ಮೀನು ಬದುಕಿದವು. ರಸ್ತೆಯ ಪಕ್ಕ ಚರಂಡಿಗೆ ಮುಂಚೆ ಇಂಥ ಮಣ್ಣಿನ ತಗ್ಗು ಮಾಡಿ ಗಿಡ ನೆಟ್ಟರೆ ಅರ್ಧ ಕೆಲಸ ಆಯಿತು. ಇನ್ನರ್ಧ ಟೈರಿನದ್ದು. 2023ರಲ್ಲಿ ಯುರೋಕ್, ಪೋರ್ಟ್ ಗ್ಯಾಂಬಲ್ ಸ್ಕ್ಲಾಲಮ್, ಪುಯಾಲಪ್ ಬುಡಕಟ್ಟುಗಳು ಟೈರಿನಲ್ಲಿ 6ಪಿಪಿಡಿ ಬೇಡ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ ಅರ್ಜಿ ಕೊಟ್ಟವು. ನವೆಂಬರಿನಲ್ಲಿ ಸಂಸ್ಥೆ ಅರ್ಜಿಯನ್ನು ಒಪ್ಪಿ ನಿಯಮ ರೂಪಿಸುವ ಕೆಲಸಕ್ಕೆ ಕೈಹಾಕಿತು. ಕ್ಯಾಲಿಫೋರ್ನಿಯಾ ಅದೇ ವರ್ಷ ಬದಲಿ ವಸ್ತು ಹುಡುಕುವಂತೆ ಟೈರು ಕಂಪನಿಗಳಿಗೆ ಹೇಳಿತು. ಬದಲಿ ಸಿಗುವುದು ಸುಲಭವಲ್ಲ. ಟೈರು ರಸ್ತೆಯಲ್ಲಿ ಸಿಡಿಯಬಾರದು, ಹೊಸ ವಸ್ತು ಇನ್ನೊಂದು ವಿಷವಾಗಲೂಬಾರದು.

ಟೈರು ಬದಲಾದ ದಿನ, ಮಣ್ಣಿನ ತಗ್ಗು ಕೆಲಸ ಮಾಡಿದ ದಿನ, ಅದು ನಿಜವಾಗಿ ಮೀನಿಗೆ ಮುಟ್ಟಿತಾ ಅಂತ ಹೇಗೆ ತಿಳಿಯುವುದು? ಮತ್ತೆ ಅದೇ ಬಾಲ, ಅದೇ ಹೊಟ್ಟೆ. ಇಷ್ಟು ವರ್ಷದ ಹಳೇ ಅಂಕಿ ಇದ್ದರೆ ಮಾತ್ರ ಹೊಸ ಅಂಕಿಗೆ ಅರ್ಥ ಬರುತ್ತದೆ. ಬರೀ ಎಷ್ಟು ಮೀನು ಬಂದವು ಅನ್ನುವುದರಿಂದ ಇದು ತಿಳಿಯುವುದಿಲ್ಲ. ಸಾಕಣೆ ಕೇಂದ್ರದಿಂದ, ಬೇರೆ ಹೊಳೆಯಿಂದ ದಾರಿ ತಪ್ಪಿದ ಮೀನುಗಳೂ ಬಂದು ಸೇರುವುದರಿಂದ ಸಾಯುವ ಹಳ್ಳವೂ ತುಂಬಿದ ಹಾಗೆ ಕಾಣಬಹುದು.

ನೋಡಲು ಬರುವವರಿಗೆ

ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಕಡೆ ಕನ್ನಡದವರು ತುಂಬಾ ಜನ ಇದ್ದೇವೆ. ಹೆಚ್ಚಿನವರ ಮನೆಯಿಂದ ಒಂದಲ್ಲ ಒಂದು ಸಾಲ್ಮನ್ ಹಳ್ಳ ಸ್ವಲ್ಪವೇ ದೂರದಲ್ಲಿರುತ್ತದೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕಿದ ನೆನಪು ಇರುವವರು ಇಲ್ಲಿ ಏನನ್ನೂ ಹಾಕಬೇಡಿ. ಈ ಹೊತ್ತಿಗೆ ಸಾಲ್ಮನ್ ತಿನ್ನುವುದನ್ನೇ ನಿಲ್ಲಿಸಿರುತ್ತದೆ. ಮಕ್ಕಳಿಗೆ ಸದ್ದು ಮಾಡಬೇಡಿ, ನೀರಿಗೆ ಇಳಿಯಬೇಡಿ ಅಂತ ಮೊದಲೇ ಹೇಳಿ.

ನಾಯಿ ಕರೆದುಕೊಂಡು ಹೋದರೆ ಹಗ್ಗ ಬಿಡಬೇಡಿ. ಹಸಿ ಸಾಲ್ಮನ್ ತಿಂದ ನಾಯಿಗೆ, ಮೀನಿನಲ್ಲಿರುವ ಒಂದು ಪರಾವಲಂಬಿ ಹುಳುವಿನ ಮೂಲಕ ಬ್ಯಾಕ್ಟೀರಿಯಾ ರೋಗ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನ ನಾಯಿಗಳು ಸಾಯುತ್ತವೆ. ತಿಂದದ್ದು ಕಂಡರೆ ಅದೇ ದಿನ ಪಶುವೈದ್ಯರಿಗೆ ಹೇಳಿ.

ಕೋಹೋಗೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಪೂರ್ತಿ ಒಳ್ಳೆಯ ಸಮಯ. ಚಮ್ ನೋಡಬೇಕಾದರೆ ನವೆಂಬರಿನಲ್ಲಿ ಉತ್ತರ ಸಿಯಾಟಲಿನ ಕಾರ್ಕೀಕ್ ಪಾರ್ಕಿನ ಪೈಪರ್ಸ್ ಹಳ್ಳಕ್ಕೆ ಹೋಗಿ. ಅಲ್ಲಿ ಸ್ವಯಂಸೇವಕರು ನಿಂತು ಎಲ್ಲ ವಿವರಿಸುತ್ತಾರೆ. ಲಾಂಗ್‌ಫೆಲೋದಲ್ಲಾದರೆ ಮೀನಿನ ಮೂಳೆಯ ಆಕಾರದ ಕಾಲುಸೇತುವೆ ಇದೆ, ಅದರ ಮೇಲೆ ನಿಂತು ನೋಡಿ. ಮಳೆ ಸುರಿಯುವಾಗ ನೀರು ಕದಡಿ ಏನೂ ಕಾಣುವುದಿಲ್ಲ. ಮಳೆ ನಿಂತ ಮಾರನೇ ದಿನ, ನೀರು ತಿಳಿಯಾದ ಮೇಲೆ, ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಹೋಗಿ. ಒಂದೇ ಜಾಗದಲ್ಲಿ ಹದಿನೈದು ನಿಮಿಷ ನಿಲ್ಲಿ. ಮೊದಲ ಐದು ನಿಮಿಷ ಬರೀ ಕಲ್ಲು ಕಾಣುತ್ತದೆ.